ದಣಿದ ಕಾಲಿನಲ್ಲಿ ಟ್ರ್ಯಾಕ್ ಓಟ: ಮುಂಬಯಿಯ ಹವ್ಯಾಸಿ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿಯಲ್ಲಿ ಮುಂಬಯಿ ಮ್ಯಾರಥಾನ್ ಮುಗಿಯುತ್ತಿದ್ದಂತೆ, ಮಾಟುಂಗಾ, ದಾದರ್, ಮುಲುಂಡ್, ಡೊಂಬಿವಲಿಗಳಿಂದ ಬಂದು ಸೇರುವ ನಮ್ಮ ಕನ್ನಡಿಗ ಓಟಗಾರರ ಬಳಗದಲ್ಲಿ ಪ್ರತಿ ವರ್ಷವೂ ಒಂದೇ ಮಾತು ಏಳುತ್ತದೆ. ಇಷ್ಟು ತಿಂಗಳು ರಸ್ತೆಯಲ್ಲಿ ಓಡಿದ್ದಾಯಿತು, ಚಳಿ ಪೂರ್ತಿ ಇಳಿಯುವ ಮೊದಲು ಯಾವುದಾದರೊಂದು ಟ್ರ್ಯಾಕ್ ಕೂಟಕ್ಕೆ ಹೆಸರು ಕೊಡೋಣವೇ ಎಂದು ಒಬ್ಬರು ಕೇಳುತ್ತಾರೆ. ಕಾಲು ಇನ್ನೂ ನಮ್ಮ ಮಾತು ಕೇಳುತ್ತಿಲ್ಲವಲ್ಲ ಎಂದು ಇನ್ನೊಬ್ಬರು ಗೊಣಗುತ್ತಾರೆ. ಹೀಗೆ ಕೇಳಿಬರುವ ಪ್ರಶ್ನೆಗಳಿಗೆ ಹತ್ತು ವರ್ಷಗಳ ಹವ್ಯಾಸಿ ಓಟದ ಅನುಭವದಿಂದ ಉತ್ತರಿಸಿದ್ದೇನೆ. ನಾನು ತರಬೇತುದಾರನೂ ಅಲ್ಲ, ವೈದ್ಯನೂ ಅಲ್ಲ.

ಕಾಲು ದಣಿದಿರುವಾಗಲೇ ಟ್ರ್ಯಾಕಿಗೆ ಇಳಿಯುವುದು ಹುಚ್ಚಾಟವಲ್ಲವೇ?

ಸಮಯದ ದಾಖಲೆಗಾಗಿ ಇಳಿದರೆ ಹುಚ್ಚಾಟವೇ ಸರಿ. ಆದರೆ ನೌಕರಿ, ಲೋಕಲ್ ರೈಲು, ಮಕ್ಕಳ ಪರೀಕ್ಷೆ ಇವೆಲ್ಲವುಗಳ ನಡುವೆ ವಾರಕ್ಕೆ 50 ಕಿ.ಮೀ. ಓಡುವ ಮನುಷ್ಯನಿಗೆ ತಾಜಾ ಕಾಲು ಎಂಬುದು ಎಂದು ಸಿಕ್ಕೀತು? ಅದಕ್ಕಾಗಿ ಕಾಯುತ್ತ ಕುಳಿತವರು ಟ್ರ್ಯಾಕಿನ ಮುಖವನ್ನೇ ನೋಡದೆ ಉಳಿದಿರುವುದನ್ನು ಕಂಡಿದ್ದೇನೆ. ದಣಿವು ಇದೆಯೇ ಇಲ್ಲವೇ ಎಂದು ಕೇಳುವುದಕ್ಕಿಂತ, ಅದು ಯಾವ ಬಗೆಯ ದಣಿವು ಎಂದು ಕೇಳಿಕೊಳ್ಳುವುದು ಮೇಲು.

ಹಾಗಾದರೆ ಓಡಬಹುದಾದ ದಣಿವು ಯಾವುದು, ಓಡಬಾರದ ದಣಿವು ಯಾವುದು?

ನಮ್ಮ ಬಳಗದಲ್ಲಿ ಇದನ್ನು ಭಾರ, ಬಿಗಿತ, ನೋವು ಎಂದು ಮೂರಾಗಿ ವಿಂಗಡಿಸುತ್ತೇವೆ.

ಭಾರವಾದ ಕಾಲು ಎಂದರೆ ಹಿಂದಿನ ದಿನದ ಉದ್ದನೆಯ ಓಟದಿಂದಲೋ, ನಿದ್ದೆಗೆಟ್ಟ ವಾರದಿಂದಲೋ ಎತ್ತಿಡಲು ಮನಸ್ಸಿಲ್ಲದ ಕಾಲು. ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಎಂಬ ಪಿಷ್ಟದಂಥ ಇಂಧನ ಬಹುಮಟ್ಟಿಗೆ ಖರ್ಚಾಗಿರುತ್ತದೆ. ಅನ್ನ, ಚಪಾತಿ, ಬಾಳೆಹಣ್ಣು ಚೆನ್ನಾಗಿ ತಿಂದರೆ ಅದು ಒಂದೆರಡು ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಈ ಕಾಲಿನ ಲಕ್ಷಣವೆಂದರೆ, ಕಾಲು ಗಂಟೆ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಂಡ ಮೇಲೆ ಅದು ಬಿಚ್ಚಿಕೊಳ್ಳುತ್ತದೆ. ಆಗ ಧೈರ್ಯವಾಗಿ ಇಳಿಯಬಹುದು.

ಬಿಗಿದ ಕಾಲಿನ ಕಥೆ ಬೇರೆ. ಇಲ್ಲಿ ಸ್ನಾಯುವಿನ ಎಳೆಗಳಿಗೇ ಸೂಕ್ಷ್ಮವಾದ ಪೆಟ್ಟು ಬಿದ್ದಿರುತ್ತದೆ. ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆದು ನಿಲ್ಲಿಸಬೇಕಾದಾಗ ಈ ಪೆಟ್ಟು ಹೆಚ್ಚು. ಇಳಿಜಾರಿನಲ್ಲಿ ಓಡುವಾಗ ತೊಡೆಯ ಮುಂಭಾಗಕ್ಕೆ ಆಗುವುದು ಇದೇ. ಮ್ಯಾರಥಾನಿನಲ್ಲಿ ಪೆಡ್ಡರ್ ರಸ್ತೆಯ ಏರನ್ನು ಎಲ್ಲರೂ ಶಪಿಸುತ್ತಾರೆ, ಆದರೆ ಮರುದಿನದ ನೋವಿಗೆ ಅದರ ಆಚೆಯ ಇಳಿತದ ಪಾಲೇ ದೊಡ್ಡದು. ಇಂಥ ನೋವು ಓಟವಾದ ಒಂದರಿಂದ ಮೂರು ದಿನಗಳೊಳಗೆ ತುದಿ ಮುಟ್ಟುತ್ತದೆ.

ಇದನ್ನು ಪರೀಕ್ಷಿಸಲು ಮುಂಬಯಿಯಲ್ಲಿ ಯಂತ್ರವೇನೂ ಬೇಡ, ರೈಲ್ವೆ ಮೇಲ್ಸೇತುವೆ ಸಾಕು. ಒಮ್ಮೆ ಮ್ಯಾರಥಾನಿನ ಮರುದಿನ ಮಾಟುಂಗಾ ನಿಲ್ದಾಣದ ಸೇತುವೆಯನ್ನು ನಾನು ಸಲೀಸಾಗಿ ಹತ್ತಿದೆ. ಇಳಿಯಲು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಮಾತ್ರ ಮೊಣಕಾಲು ಕುಸಿದಂತಾಗಿ, ಕಂಬಿ ಹಿಡಿದು, ಏಡಿಯಂತೆ ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲು ಇಳಿದೆ. ಹಿಂದಿನಿಂದ ಬರುತ್ತಿದ್ದ ಅಜ್ಜಿಯೊಬ್ಬರು ತಮ್ಮ ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನನ್ನ ಮೊಣಕೈ ಹಿಡಿದರು. ಹತ್ತುವುದು ಸುಲಭ, ಇಳಿಯುವುದು ಕಷ್ಟ ಎಂದಾದರೆ ಅದು ಬಿಗಿದ ಕಾಲು. ಸೇತುವೆಯನ್ನು ಕಂಬಿ ಮುಟ್ಟದೆ, ಮಾಮೂಲಿ ವೇಗದಲ್ಲಿ ಇಳಿಯುವ ದಿನ ಬರುವವರೆಗೆ ಟ್ರ್ಯಾಕ್ ಬೇಡ.

ಮೂರನೆಯದು ನೋವು. ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸಬಹುದಾದ, ಹೆಜ್ಜೆ ಹೆಜ್ಜೆಗೂ ಹೆಚ್ಚುವ, ನಡಿಗೆಯನ್ನೇ ಬದಲಿಸುವ ನೋವಿದ್ದರೆ ಅದನ್ನು ದಣಿವು ಎಂದು ಕರೆಯಬೇಡಿ, ವೈದ್ಯರನ್ನು ಕಾಣಿ.

ಮ್ಯಾರಥಾನ್ ಆದ ಎಷ್ಟು ದಿನಕ್ಕೆ ಟ್ರ್ಯಾಕಿನಲ್ಲಿ ಸ್ಪರ್ಧಿಸಬಹುದು?

ಓಡಿದ ಮೈಲಿಗೊಂದು ದಿನದಂತೆ ಲೆಕ್ಕ ಹಾಕಿ 26 ದಿನ ಕಾಯಬೇಕೆಂಬುದು ಓಟಗಾರರಲ್ಲಿ ಹಳೆಯ ಮಾತು. ಎಲ್ಲರ ಮೈಯೂ ಒಂದೇ ಅಲ್ಲವಾದ್ದರಿಂದ ಅದನ್ನು ಶಾಸನವೆಂದು ತಿಳಿಯಬೇಕಿಲ್ಲ. ಎರಡು ವಾರ ಯಾವ ಸ್ಪರ್ಧೆಯೂ ಇಲ್ಲ, ಮೂರನೆಯ ವಾರ ಸೇತುವೆಯ ಪರೀಕ್ಷೆ ಪಾಸಾದರೆ 5000 ಮೀಟರ್, 800 ಮೀಟರ್ ಆದರೆ ಒಂದು ತಿಂಗಳ ನಂತರವೇ ಎಂಬುದು ನಾನು ಪಾಲಿಸುವ ಕ್ರಮ.

800, 1500, 5000, 10,000: ದಣಿದ ಕಾಲಿಗೆ ಯಾವ ದೂರ ಒಳ್ಳೆಯದು?

ದೂರ ಕಡಿಮೆಯಾದಷ್ಟೂ ಸುಲಭವೆಂದು ರಸ್ತೆ ಓಟಗಾರರು ಎಣಿಸುತ್ತಾರೆ. ದಣಿದ ಕಾಲಿನ ಮಟ್ಟಿಗೆ ಇದು ಬಹುತೇಕ ತಲೆಕೆಳಗಾದ ಲೆಕ್ಕ. 800 ಮೀಟರಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಆಮ್ಲಜನಕದ ಬಲದಿಂದಲೇ ಬರುತ್ತದೆ, ನಿಜ. ಆದರೆ ಉಳಿದದ್ದನ್ನು ಸ್ನಾಯುಗಳು ಆಮ್ಲಜನಕಕ್ಕೆ ಕಾಯದೆ ಒದಗಿಸಬೇಕಾಗುತ್ತದೆ, ಹೆಜ್ಜೆ ಉದ್ದವಾಗುತ್ತದೆ, ತೊಡೆಯ ಹಿಂಭಾಗದ ಸ್ನಾಯು ಪೂರ್ತಿ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಕಿಲೋಮೀಟರಿಗೆ ಆರು ನಿಮಿಷದ ಓಟಕ್ಕೆ ಒಗ್ಗಿಕೊಂಡ, ಮೇಲಾಗಿ ದಣಿದ ಸ್ನಾಯು ಹಿಡಿದುಕೊಳ್ಳುವುದು ಇಲ್ಲಿಯೇ. ನಮ್ಮ ಬಳಗದಲ್ಲಿ ಟ್ರ್ಯಾಕಿನಿಂದ ಕುಂಟುತ್ತ ಹೊರಬಂದವರಲ್ಲಿ ಹೆಚ್ಚಿನವರು 800 ಓಡಿದವರು.

10,000 ಮೀಟರ್ ಎಂದರೆ 25 ಸುತ್ತು, ಅಂದರೆ 50 ತಿರುವು, ಎಲ್ಲವೂ ಎಡಕ್ಕೆ. ಎಡ ಪಾದದ ಗಂಟಿಗೆ ಇದು ಹೊಸ ಕೆಲಸ; ದಣಿದ ಕಾಲಿಗೆ ಒಳ್ಳೆಯ ಬಹುಮಾನವಂತೂ ಅಲ್ಲ. ಹನ್ನೆರಡನೆಯ ಸುತ್ತಿನ ಹೊತ್ತಿಗೆ ಮನಸ್ಸು ಬೇಸತ್ತು ಗೇಟಿನ ಕಡೆಗೆ ನೋಡತೊಡಗುತ್ತದೆ.

ಆದ್ದರಿಂದ ಮೊದಲ ಬಾರಿಗೆ ಬರುವವರಿಗೆ ನಾನು ಹೇಳುವುದು 5000 ಮೀಟರ್. ಹನ್ನೆರಡೂವರೆ ಸುತ್ತು, ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಆಮ್ಲಜನಕದ ಮೇಲೆಯೇ ನಡೆಯುವ, ಅಂದರೆ ಉದ್ದ ಓಟಗಾರರು ವರ್ಷವಿಡೀ ಕಟ್ಟಿಕೊಂಡ ಬಲವನ್ನೇ ಬಳಸಿಕೊಳ್ಳುವ ಓಟ ಇದು. ನನ್ನ ಸ್ವಂತ ಒಲವು ಮಾತ್ರ 1500ರ ಕಡೆಗೆ. ಮೂರು ಮುಕ್ಕಾಲು ಸುತ್ತು, ನಮ್ಮಂಥವರಿಗೆ ಆರೇಳು ನಿಮಿಷ. ಇದೇಕೆ ಬೇಕಿತ್ತು ಎಂಬ ಯೋಚನೆ ಬಲಿಯುವ ಹೊತ್ತಿಗೆ ಕೊನೆಯ ಸುತ್ತಿನ ಗಂಟೆ ಬಾರಿಸಿರುತ್ತದೆ.

ಮೊದಲ ಸುತ್ತನ್ನು ಹೇಗೆ ಓಡಬೇಕು?

ನಿಧಾನವಾಗಿ. ಎಲ್ಲರೂ ಹೀಗೆಯೇ ಹೇಳುತ್ತಾರೆ, ಯಾರೂ ಹಾಗೆ ಓಡುವುದಿಲ್ಲ. ನಾನೂ ಓಡಿರಲಿಲ್ಲವಾದ್ದರಿಂದ ಆ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ.

ಆರು ನಿಮಿಷಕ್ಕೆ 1500 ಮೀಟರ್ ಮುಗಿಸಬೇಕೆಂದರೆ ಸುತ್ತಿಗೆ 96 ಸೆಕೆಂಡ್ ಬೇಕು. ಓಟ ಆರಂಭವಾಗುವುದು ಆಚೆ ಬದಿಯ ನೇರ ಭಾಗದ ಮೊದಲಲ್ಲಿ; ಅಲ್ಲಿಂದ ಮುಕ್ತಾಯದ ಗೆರೆಗೆ ಮೊದಲ 300 ಮೀಟರ್, ಆಮೇಲೆ ಮೂರು ಪೂರ್ತಿ ಸುತ್ತು. ಆ 300 ಮೀಟರಿಗೆ 72 ಸೆಕೆಂಡ್ ಸಾಕಿತ್ತು. ಹಿಂದಿನ ಭಾನುವಾರವಷ್ಟೇ 28 ಕಿ.ಮೀ. ಓಡಿ ಕಾಲು ಭಾರವಾಗಿದ್ದರೂ, ಪಿಸ್ತೂಲು ಸಿಡಿದೊಡನೆ ಪಕ್ಕದ ಕಾಲೇಜು ಹುಡುಗರ ಜೊತೆ ಹೊರಟವನು 61 ಸೆಕೆಂಡಿಗೆ ಗೆರೆ ದಾಟಿದೆ. ಮುಂದಿನ ಸುತ್ತು 98, ಅದರ ಮುಂದಿನದು 112, ಕೊನೆಯದು 117. ಒಟ್ಟು 6 ನಿಮಿಷ 28 ಸೆಕೆಂಡ್. ಉಳಿಸಿದ್ದು ಹನ್ನೊಂದು ಸೆಕೆಂಡ್, ಅದಕ್ಕೆ ತೆತ್ತ ಬೆಲೆ ಮೂವತ್ತೊಂಬತ್ತು. ಕೊನೆಯ ನೇರ ಭಾಗದಲ್ಲಿ ತೊಡೆಗಳು ನನ್ನವಲ್ಲವೆನಿಸಿ, ತೋಳು ಬೀಸುತ್ತಿದ್ದರೂ ಮುಂದೆ ಹೋಗುತ್ತಿರಲಿಲ್ಲ. ನನ್ನ ಮಗಳು ತೆಗೆದ ವೀಡಿಯೋದಲ್ಲಿ ನಾನು ಕೆರೆಯ ನೀರಿನಲ್ಲಿ ನಡೆಯುವವನಂತೆ ಕಾಣುತ್ತೇನೆ.

ದಣಿದ ಕಾಲು ಮೊದಲ ಒಂದು ನಿಮಿಷ ಸುಳ್ಳು ಹೇಳುತ್ತದೆ ಎಂಬುದೇ ಇದರ ಕಾರಣ. ಗುಂಪಿನ ಹುರುಪಿನಲ್ಲಿ, ಸಿಂಥೆಟಿಕ್ ನೆಲದ ಪುಟಿತದಲ್ಲಿ ಭಾರವೆಲ್ಲ ಮಾಯವಾದಂತೆ ಅನಿಸುತ್ತದೆ. ಹಾಗಾಗಿ ಮೊದಲ 300 ಮೀಟರಿನಲ್ಲಿ ಕಾಲಿನ ಮಾತು ಕೇಳದೆ ಗಡಿಯಾರದ ಮಾತು ಕೇಳಿ. ಅಲ್ಲಿಂದಾಚೆಗೆ ಗಡಿಯಾರವನ್ನು ಬಿಟ್ಟು ಮುಂದಿರುವವರ ಬೆನ್ನು ನೋಡಿ. ಲೆಕ್ಕ ನೆನಪಿಡಲು ಒಂದು ಉಪಾಯವಿದೆ: ಕಿಲೋಮೀಟರಿಗೆ ಐದು ನಿಮಿಷವಾದರೆ ಸುತ್ತಿಗೆ ಸರಿಯಾಗಿ ಎರಡು ನಿಮಿಷ, ಐದು ನಿಮಿಷದ ಮೇಲೆ ಕಿಲೋಮೀಟರಿಗೆ ಕೂಡುವ ಪ್ರತಿ ಐದು ಸೆಕೆಂಡಿಗೂ ಸುತ್ತಿಗೆ ಎರಡು ಸೆಕೆಂಡ್ ಕೂಡಿಸಿಕೊಳ್ಳಿ.

ಜಿಪಿಎಸ್ ವಾಚನ್ನು ನಂಬಬಹುದೇ?

ವೇಗಕ್ಕೆ ಬೇಡ. ತಿರುವುಗಳಲ್ಲಿ ಅದು ತಪ್ಪುತ್ತದೆ, ಸುತ್ತು ಹೆಚ್ಚಿದಂತೆ ಆ ತಪ್ಪುಗಳೆಲ್ಲ ಕೂಡಿಕೊಳ್ಳುತ್ತವೆ. ಬರಿಯ ಸ್ಟಾಪ್‌ವಾಚ್ ಮಾಡಿಕೊಂಡು ಮುಕ್ತಾಯದ ಗೆರೆಯಲ್ಲಿ ಗುಂಡಿ ಒತ್ತಿ.

ಒಳಗಿನ ಲೇನಿನಲ್ಲೇ ಓಡಬೇಕೇ? ಹಿಂದಿಕ್ಕುವುದು ಹೇಗೆ?

ಟ್ರ್ಯಾಕಿನ 400 ಮೀಟರ್ ಎಂಬುದು ಮೊದಲ ಲೇನಿನಲ್ಲಿ, ಒಳ ಅಂಚಿನ ಕಟ್ಟೆಯಿಂದ 30 ಸೆಂ.ಮೀ. ದೂರದಲ್ಲಿ ಅಳೆದ ದೂರ. ಲೇನಿನ ಅಗಲ 1.22 ಮೀಟರ್. ಇಡೀ ಸುತ್ತನ್ನು ಒಂದು ಲೇನಿನಷ್ಟು ಹೊರಗೆ ಓಡಿದರೆ ಏಳೂವರೆ ಮೀಟರಿಗಿಂತ ತುಸು ಹೆಚ್ಚೇ ದೂರ ಓಡಿದಂತಾಗುತ್ತದೆ. ಹನ್ನೆರಡೂವರೆ ಸುತ್ತು ಹೀಗೆಯೇ ಓಡಿದವರು 5000 ಮೀಟರಿಗೆ ಸುಮಾರು 95 ಮೀಟರನ್ನು ಧರ್ಮಕ್ಕೆ ಸೇರಿಸಿ ಓಡಿರುತ್ತಾರೆ. ಆದ್ದರಿಂದ ಹಿಂದಿಕ್ಕುವುದನ್ನು ನೇರ ಭಾಗದಲ್ಲಿ ಮಾಡಿ, ತಿರುವಿನಲ್ಲಿ ಮುಂದಿನವರ ಬೆನ್ನ ಹಿಂದೆ ಇರಿ. ಒಂದು ಸುತ್ತು ಮುಂದಿರುವವರು ನಿಮ್ಮನ್ನು ದಾಟಲು ಬಂದಾಗ ಗಾಬರಿಯಿಂದ ಪಕ್ಕಕ್ಕೆ ಹಾರಬೇಡಿ. ದಾರಿ ಬಿಟ್ಟುಕೊಡುವುದಕ್ಕಿಂತ ನಿಮ್ಮ ಗೆರೆಯಲ್ಲಿ ನೇರವಾಗಿ ಓಡುತ್ತಿರುವುದೇ ಅವರಿಗೆ ಹೆಚ್ಚು ಉಪಕಾರ. 800 ಮೀಟರಿನಲ್ಲಿ ಮಾತ್ರ ಮೊದಲ ತಿರುವು ಮುಗಿಯುವವರೆಗೆ ಸಾಮಾನ್ಯವಾಗಿ ನಿಮ್ಮ ನಿಮ್ಮ ಲೇನಿನಲ್ಲೇ ಇರಬೇಕು.

ಅಷ್ಟು ಸುತ್ತುಗಳನ್ನು ಎಣಿಸುವವರು ಯಾರು?

ದೊಡ್ಡ ಕೂಟಗಳಲ್ಲಿ ಅದಕ್ಕೆಂದೇ ಜನರಿರುತ್ತಾರೆ, ಉಳಿದ ಸುತ್ತುಗಳ ಫಲಕವಿರುತ್ತದೆ, ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಗಂಟೆ ಮುಂದಿರುವವರಿಗಾಗಿ ಬಾರಿಸಿದ್ದೋ ನಿಮಗಾಗಿಯೋ ಎಂಬುದು ದಣಿದ ತಲೆಗೆ ಹೊಳೆಯುವುದಿಲ್ಲ. ಒಮ್ಮೆ ನಮ್ಮವರೊಬ್ಬರು ಬೇರೆಯವರ ಗಂಟೆಗೆ ಪ್ರಾಣಬಿಟ್ಟು ಓಡಿ, ಗೆರೆ ದಾಟಿ ಕೈಯೆತ್ತಿದ ಮೇಲೆ ಇನ್ನೂ ಎರಡು ಸುತ್ತು ಬಾಕಿಯಿವೆಯೆಂದು ತಿಳಿಯಿತು.

ಅಂದಿನಿಂದ ನಮ್ಮ ಬಳಗದ ಲೆಕ್ಕವನ್ನು ಧಾರವಾಡ ಕಡೆಯ ಒಬ್ಬ ಅಕ್ಕ ವಹಿಸಿಕೊಂಡಿದ್ದಾರೆ. ಚೌಕಾಬಾರ ಆಡಲು ಇಟ್ಟುಕೊಂಡಿದ್ದ ಹುಣಸೆ ಬೀಜಗಳನ್ನು ತಂದು, ಪ್ರತಿಯೊಬ್ಬ ಓಟಗಾರನಿಗೂ ಒಂದೊಂದು ಸ್ಟೀಲ್ ಬಟ್ಟಲಿನಲ್ಲಿ ಸುತ್ತಿಗೊಂದರಂತೆ ಎಣಿಸಿಡುತ್ತಾರೆ. ಅವನು ಗೆರೆ ದಾಟಿದಾಗಲೆಲ್ಲ ಒಂದು ಬೀಜ ಬಟ್ಟಲಿನಿಂದ ಮಡಿಲಿಗೆ ಬೀಳುತ್ತದೆ. ಬಟ್ಟಲಲ್ಲಿ ಒಂದೇ ಬೀಜ ಉಳಿದಾಗ ಬಟ್ಟಲನ್ನೇ ಚಮಚದಿಂದ ಬಾರಿಸಿ, ಹೆಸರು ಹಿಡಿದು, 'ಇದೇ ಕಡೀದು ನೋಡಪಾ' ಎಂದು ಕೂಗುತ್ತಾರೆ. ಈವರೆಗೆ ಒಂದು ಬೀಜವೂ ತಪ್ಪಿಲ್ಲ.

ಮ್ಯಾರಥಾನಿಗೆ ಹಾಕಿದ ದಪ್ಪ ತಳದ ಶೂ ಟ್ರ್ಯಾಕಿಗೆ ನಡೆಯುತ್ತದೆಯೇ?

ವಿಶ್ವ ಅಥ್ಲೆಟಿಕ್ಸ್ ನಿಯಮದಂತೆ ರಸ್ತೆ ಓಟದ ಶೂವಿನ ತಳ 40 ಮಿ.ಮೀ. ವರೆಗೆ ಇರಬಹುದು, ಟ್ರ್ಯಾಕ್ ಓಟಗಳಿಗೆ 2024ರ ನವೆಂಬರ್ 1ರಿಂದ ಮಿತಿ 20 ಮಿ.ಮೀ. ಹವ್ಯಾಸಿ ಕೂಟಗಳು ಇದನ್ನು ಎಷ್ಟು ಬಿಗಿಯಾಗಿ ಪಾಲಿಸುತ್ತವೆ ಎಂಬುದು ಕೂಟದಿಂದ ಕೂಟಕ್ಕೆ ಬೇರೆಯಾದ್ದರಿಂದ ಮುಂಚೆಯೇ ಕೇಳಿಕೊಳ್ಳಿ. ಸ್ಪೈಕ್ಸ್, ಅಂದರೆ ತಳದಲ್ಲಿ ಮೊಳೆಗಳಿರುವ ಟ್ರ್ಯಾಕ್ ಶೂವಿನ ಆಸೆ ನಿಮಗಿದ್ದರೆ, ದಣಿದ ದಿನ ಅದನ್ನು ಮೊದಲ ಬಾರಿಗೆ ಹಾಕಬೇಡಿ. ಸ್ಪೈಕ್ಸಿನಲ್ಲಿ ಹಿಮ್ಮಡಿಗೆ ಆಸರೆ ಕಡಿಮೆ, ಓಟವೆಲ್ಲ ಮುಂಗಾಲಿನ ಮೇಲೆ. ಮರುದಿನ ಮೀನಖಂಡಗಳು ಕಲ್ಲಾಗಿರುತ್ತವೆ. ಹಗುರವಾದ, ಹಳೆಯ, ತೆಳು ತಳದ ಶೂ ನಮ್ಮಂಥವರಿಗೆ ಧಾರಾಳವಾಯಿತು.

ಸ್ಟೀಪಲ್‌ಚೇಸ್ ಓಡಿ ನೋಡಬಹುದೇ?

ದಣಿದ ಕಾಲಿನಲ್ಲಿ ಬೇಡ. 3000 ಮೀಟರಿನಲ್ಲಿ 28 ಬಾರಿ ಅಡ್ಡಪಟ್ಟಿ, 7 ಬಾರಿ ನೀರಿನ ಹೊಂಡ ದಾಟಬೇಕು. ಹರ್ಡಲ್ಸಿನ ಪಟ್ಟಿಯಂತೆ ಇದು ತಾಗಿದರೆ ಉರುಳುವುದಿಲ್ಲ, ಉರುಳುವವರು ನಾವು. ಸಾತಾರಾ ಜಿಲ್ಲೆಯ ಲಲಿತಾ ಬಾಬರ್ ಮುಂಬಯಿ ಮ್ಯಾರಥಾನಿನ ಭಾರತೀಯ ಮಹಿಳೆಯರ ವಿಭಾಗವನ್ನು ಗೆದ್ದು, ಬಳಿಕ ಸ್ಟೀಪಲ್‌ಚೇಸಿನಲ್ಲಿ 2016ರ ರಿಯೋ ಒಲಿಂಪಿಕ್ಸ್ ಫೈನಲ್ ತಲುಪಿ ಹತ್ತನೆಯವರಾದದ್ದು ನಿಜವೇ. ಅದರ ಹಿಂದೆ ವರ್ಷಗಳ ಅಭ್ಯಾಸವಿತ್ತು, ನಮ್ಮ ಹಿಂದೆ ಇರುವುದು ಶನಿವಾರದ ಓವರ್‌ಟೈಮ್.

ಒಂದೇ ಕೂಟದಲ್ಲಿ ಎರಡು ಓಟಗಳಿಗೆ ಹೆಸರು ಕೊಡಬಹುದೇ?

ಕೊಡಬಹುದು, ನಡುವೆ ಎರಡು ಗಂಟೆಯಾದರೂ ಬಿಡುವಿದ್ದರೆ. ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರ ಅಕ್ಟೋಬರ್ 1ರಂದು ಸ್ಟೀಪಲ್‌ಚೇಸ್ ಚಿನ್ನ ಗೆದ್ದು, ಮೂರೇ ದಿನಗಳಲ್ಲಿ 5000 ಮೀಟರಿನ ಬೆಳ್ಳಿಯನ್ನೂ ಗೆದ್ದರು. ಅಂಥವರಿಗೇ ಮೂರು ದಿನದ ಬಿಡುವಿತ್ತು ಎಂಬುದನ್ನು ಗಮನಿಸಿ. ಎರಡೂ ಓಡಲೇಬೇಕೆಂದಿದ್ದರೆ ಮೊದಲನೆಯದನ್ನು ಮನಸ್ಸಿಟ್ಟು ಓಡಿ, ಎರಡನೆಯದನ್ನು ಗೆಳೆಯರ ಜೊತೆಗಿನ ಓಟವೆಂದು ತಿಳಿಯಿರಿ. ನಡುವೆ ಕುಳಿತೇ ಇದ್ದರೆ ಕಾಲು ಮರಗಟ್ಟುತ್ತದೆ. ಒಂದೆರಡು ಬಾಳೆಹಣ್ಣು ತಿಂದು, ಉಪ್ಪು ಹಾಕಿದ ನಿಂಬೆ ಶರಬತ್ತು ಕುಡಿದು, ಆಗಾಗ ಎದ್ದು ಅಡ್ಡಾಡಿ.

ಮುಂಬಯಿಯಲ್ಲಿ ಅಭ್ಯಾಸ ಎಲ್ಲಿ, ಯಾವ ಹೊತ್ತಿನಲ್ಲಿ?

ನೇಪಿಯನ್ ಸೀ ರಸ್ತೆಯ ಪ್ರಿಯದರ್ಶಿನಿ ಪಾರ್ಕಿನ ಟ್ರ್ಯಾಕ್ ಕಡಲಿಗೆ ಅಂಟಿಕೊಂಡೇ ಇದೆ. ನೋಡಲು ಸೊಗಸು, ಓಡಲು ಗಾಳಿಯ ಕಾಟ. ಗಾಳಿಗೆ ಎದುರಾದ ಭಾಗದಲ್ಲಿ ಕಳೆದ ಸೆಕೆಂಡುಗಳು ಗಾಳಿ ಬೆನ್ನಿಗೆ ಬಂದಾಗ ಪೂರ್ತಿ ಮರಳುವುದಿಲ್ಲ. ಉಪನಗರದವರಿಗೆ ಕಾಂದಿವಲಿಯ ಭಾರತೀಯ ಕ್ರೀಡಾ ಪ್ರಾಧಿಕಾರದ ಆವರಣ ಹತ್ತಿರ. ಎಲ್ಲಿ ಹೋದರೂ ಹೊರಗಿನವರಿಗೆ ಪ್ರವೇಶದ ಹೊತ್ತು ಮತ್ತು ಶುಲ್ಕವನ್ನು ಮೊದಲೇ ವಿಚಾರಿಸಿ, ಮೈ ಬಿಸಿ ಮಾಡಿಕೊಳ್ಳುವವರು ಹೊರಗಿನ ಲೇನುಗಳಲ್ಲಿರಿ. ಮಳೆಗಾಲದಲ್ಲಿ ಟ್ರ್ಯಾಕಿನ ಬಿಳಿ ಗೆರೆಗಳ ಮೇಲೆ ಕಾಲು ಜಾರುತ್ತದೆ.

ಮುಂಬಯಿಯ ಸೆಕೆಯನ್ನು ಬಿಸಿಲಿಗಷ್ಟೇ ಕಟ್ಟಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಬೆಳಗಿನ ಆರಕ್ಕೂ ಹೃದಯ ಬಡಿತ ಏರುತ್ತದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ ಚಳಿಗಾಲದ ಒಣ ಬೆಳಗಿನಲ್ಲಿ ಓಡಿಬಂದ ನಮ್ಮವರು, ತಾವು ದಿಢೀರನೆ ಚುರುಕಾದೆವೆಂದು ವಾರವಿಡೀ ಬೀಗುತ್ತಾರೆ.

ಕೊನೆಯವನಾಗಿ ಬಂದರೆ ಅವಮಾನವಲ್ಲವೇ?

ರಸ್ತೆ ಓಟದಲ್ಲಿ ಕೊನೆಯವರು ಕಾಣಿಸುವುದಿಲ್ಲ. ಟ್ರ್ಯಾಕಿನಲ್ಲಿ ಎಲ್ಲರೂ ಮುಗಿಸಿ ನೀರು ಕುಡಿಯುತ್ತ ನಿಂತಿರುವಾಗ ನೀವೊಬ್ಬರೇ ಸುತ್ತುತ್ತಿರುತ್ತೀರಿ, ಮುಂದಿನ ಓಟದವರು ಗೆರೆಯ ಬಳಿ ಕಾಯುತ್ತಿರುತ್ತಾರೆ. ಮುಜುಗರವಾಗುವುದು ಸಹಜ. ನನಗೆ ಎರಡು ಬಾರಿ ಹಾಗಾಗಿದೆ. ಎರಡೂ ಬಾರಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ನನಗೇ, ಅದರಲ್ಲಿ ಬೇಗ ಮುಗಿಸಲಿ ಎಂಬ ಆಸೆಯೂ ಸೇರಿತ್ತೆಂದು ಬಲ್ಲೆ. 35 ದಾಟಿದವರಿಗೆ ಮಾಸ್ಟರ್ಸ್ ಕೂಟಗಳಿವೆ, ಅಲ್ಲಿ ಐದೈದು ವರ್ಷಗಳ ವಯೋಗುಂಪುಗಳಲ್ಲಿ ಓಡಬಹುದು.

ಓಟಕ್ಕೆ ಮೊದಲು ನೋವಿನ ಮಾತ್ರೆ ನುಂಗಬಹುದೇ?

ಬೇಡ. ಐಬುಪ್ರೊಫೆನ್‌ನಂಥ ಮಾತ್ರೆಗಳು ಬೆವರಿ ಬತ್ತಿದ ಮೈಯಲ್ಲಿ ಮೂತ್ರಪಿಂಡಗಳಿಗೆ ಭಾರವಾಗುತ್ತವೆ. ಜೊತೆಗೆ, ನಿಲ್ಲಿಸು ಎಂದು ಹೇಳಬೇಕಾದ ನೋವಿನ ಬಾಯಿ ಮುಚ್ಚಿಸುತ್ತವೆ. ಓಟದ ನಂತರ ಮೂತ್ರ ಕಡುಗಂದಾಗಿದ್ದು ಸ್ನಾಯುಗಳು ಊದಿಕೊಂಡಿದ್ದರೆ ಮನೆಮದ್ದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಓಟ ಮುಗಿದ ಮೇಲೆ ಏನು ಮಾಡಬೇಕು?

ಗೆರೆ ದಾಟಿದೊಡನೆ ನೆಲಕ್ಕೆ ಒರಗದೆ, ಹತ್ತು ನಿಮಿಷ ಹೊರಗಿನ ಲೇನಿನಲ್ಲಿ ನಡೆಯಿರಿ. ಹಠಾತ್ತನೆ ನಿಂತರೆ ಕಾಲಿನಲ್ಲಿ ರಕ್ತ ನಿಂತು ತಲೆ ಸುತ್ತುತ್ತದೆ. ಒಂದು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲಿ; ನಮ್ಮ ಬಳಗದ ಕರಾವಳಿಯವರು ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿಯನ್ನೂ ಸಣ್ಣ ಡಬ್ಬಿಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ತರುತ್ತಾರೆ, ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಗುಟುಕಿನಲ್ಲಿ ಸಿಗುತ್ತವೆ. ಉಳಿದವರು ಮಾಟುಂಗಾಕ್ಕೆ ಬಂದು ಇಡ್ಲಿ ಸಾಂಬಾರಿಗೆ ಸಾಲು ನಿಲ್ಲುತ್ತಾರೆ. ಮರುದಿನ ಓಟವಿಲ್ಲ, ಅರ್ಧ ಗಂಟೆ ನಡಿಗೆ ಮಾತ್ರ. ಅದರ ಮರುದಿನ ಆಫೀಸಿಗೆ ಹೋಗುವಾಗ ರೈಲ್ವೆ ಸೇತುವೆಯನ್ನು ಇಳಿದು ನೋಡಿ. ಕೈ ಕಂಬಿಯ ಕಡೆಗೆ ತಾನಾಗಿಯೇ ಚಾಚಿಕೊಂಡರೆ ಇನ್ನೂ ಎರಡು ದಿನ ಶೂ ಕಪಾಟಿನಲ್ಲೇ ಇರಲಿ.